ಯಮಹಾ ಆರ್-ಎಸ್202: ತುಮಕೂರಿನ ಮನೆಗೆ ಎಷ್ಟರ ಮಟ್ಟಿಗೆ ಸರಿ?

ರೇಡಿಯೊ ಮತ್ತು ಫೋನಿನಲ್ಲಿರುವ ಹಾಡು, ಹೆಚ್ಚಾಗಿ ಇವೆರಡನ್ನೇ ಕೇಳುವ ಮನೆಗೆ ಯಮಹಾ ಆರ್-ಎಸ್202 ಧೈರ್ಯವಾಗಿ ತರಬಹುದಾದ ರಿಸೀವರ್, ಅಂದರೆ ರೇಡಿಯೊ ಮತ್ತು ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಟಿವಿಯ ದನಿ ಚೆನ್ನಾಗಿ ಬರಲೆಂದೋ, ಅಟ್ಟದಿಂದ ಇಳಿಸಿದ ಹಳೆಯ ರೆಕಾರ್ಡುಗಳನ್ನು ಕೇಳಬೇಕೆಂದೋ ಹುಡುಕುತ್ತಿರುವವರು ಮಾತ್ರ ಸ್ವಲ್ಪ ತಡೆದು, ಇದರ ಮೇಲೆ ಇನ್ನೇನೇನು ಕೊಳ್ಳಬೇಕಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಅಗ್ಗದ ರಿಸೀವರ್‌ನ ನಿಜವಾದ ಬೆಲೆ ಅದರಲ್ಲಿ ಇಲ್ಲದ ವಸ್ತುಗಳಲ್ಲಿ ಅಡಗಿರುತ್ತದೆ.

ಇರುವುದನ್ನು ಮೊದಲು ನೋಡೋಣ. ಎರಡು ಚಾನೆಲ್ ಆಂಪ್ಲಿಫೈಯರ್, ಎಫ್‌ಎಂ ಮತ್ತು ಎಎಂ ರೇಡಿಯೊ, 40 ಕೇಂದ್ರಗಳನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆ, ಬ್ಲೂಟೂತ್, ಮುಂದುಗಡೆ ಹೆಡ್‌ಫೋನ್ ಜಾಕ್, ಎ ಮತ್ತು ಬಿ ಎಂದು ಎರಡು ಜೋಡಿ ಸ್ಪೀಕರ್‌ಗೆ ಜಾಗ, ಒಂದು ರಿಮೋಟ್. ಅಗಲ 435 ಮಿ.ಮೀ., ಎತ್ತರ 141, ಆಳ 322. ತೂಕ 6.7 ಕೆ.ಜಿ. ಈ ತೂಕದಲ್ಲಿ ದೊಡ್ಡ ಪಾಲು ಒಳಗಿನ ಟ್ರಾನ್ಸ್‌ಫಾರ್ಮರ್‌ನದು. ಅಷ್ಟೇ ದೊಡ್ಡದಾಗಿ ಕಂಡು ಎರಡು ಕೆ.ಜಿ. ತೂಗುವ ಪೆಟ್ಟಿಗೆಗಿಂತ ಇದನ್ನು ನಂಬಲು ಅದೂ ಒಂದು ಕಾರಣ. ಆಳದ ಅಳತೆಯನ್ನು ಮರೆಯಬೇಡಿ. ನಮ್ಮ ಕಡೆ ಗೋಡೆಯಲ್ಲಿ ಕಟ್ಟಿಸುವ ಶೋಕೇಸ್ ಹೆಚ್ಚೆಂದರೆ ಒಂದು ಅಡಿ ಆಳ ಇರುತ್ತದೆ. ಇದಕ್ಕೆ ಹಿಂಬದಿಯಲ್ಲಿ ವೈರ್ ತಿರುಗಲು, ಗಾಳಿಯಾಡಲು ಬಿಡಬೇಕಾದ ಒಂದು ಗೇಣೂ ಸೇರಿ 50 ಸೆಂ.ಮೀ.ಗಿಂತ ಹೆಚ್ಚು ಬೇಕು. ಟೇಪು ಹಿಡಿದು ಅಳೆದೇ ಅಂಗಡಿಗೆ ಹೋಗಿ.

ಇನ್ನು ಇಲ್ಲದಿರುವುದು. ಡಿಜಿಟಲ್ ಜೋಡಣೆಗಳಾದ ಆಪ್ಟಿಕಲ್ ಇಲ್ಲ, ಕೊಆಕ್ಸಿಯಲ್ ಇಲ್ಲ, ಎಚ್‌ಡಿಎಂಐ ಇಲ್ಲ. ಹಿಂಬದಿಯಲ್ಲಿ ಕೆಂಪು-ಬಿಳಿ ಆರ್‌ಸಿಎ ತೂತುಗಳು ಮಾತ್ರ. ರೆಕಾರ್ಡ್ ಪ್ಲೇಯರ್‌ಗೆ ಬೇಕಾದ ಫೋನೊ ಇನ್‌ಪುಟ್ ಇಲ್ಲ. ಸಬ್‌ವೂಫರ್‌ಗೆ ಹೊರದಾರಿ ಇಲ್ಲ. ವೈಫೈ ಇಲ್ಲ. ಹಳೆಯ ಟಿವಿಗೆ ಕೆಂಪು-ಬಿಳಿ ಔಟ್ ಇದ್ದರೆ ಎರಡು ಆರ್‌ಸಿಎ ವೈರಿನಲ್ಲಿ ಕೆಲಸ ಮುಗಿಯುತ್ತದೆ. ಈಚಿನ ಟಿವಿಗಳಲ್ಲಿ ಬಹುಪಾಲು ಆಪ್ಟಿಕಲ್ ಮತ್ತು ಎಚ್‌ಡಿಎಂಐ ಮಾತ್ರ ಉಳಿದಿವೆ. ಆಗ ನಡುವೆ ಡಿಜಿಟಲ್ ಸಿಗ್ನಲನ್ನು ಅನಲಾಗ್‌ಗೆ ಬದಲಿಸುವ ಒಂದು ಪುಟ್ಟ ಡ್ಯಾಕ್ ಡಬ್ಬಿ ಬೇಕು, ಸಾವಿರ ರೂಪಾಯಿ ಆಸುಪಾಸಿನದು ಸಾಕು. ಜೋಡಿಸಿದ ಮೇಲೆ ಸದ್ದೇ ಬರುತ್ತಿಲ್ಲ, ಇಲ್ಲವೇ ಬರೀ ಕರಕರ ಎನ್ನುತ್ತಿದೆ ಎಂದು ಡಬ್ಬಿ ವಾಪಸು ಕೊಡುವವರು ಬಹಳ ಮಂದಿ. ಹೆಚ್ಚಿನ ಸಲ ತಪ್ಪು ಡಬ್ಬಿಯದಲ್ಲ. ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ 'ಆಟೊ' ಅಥವಾ 'ಡಾಲ್ಬಿ' ಎಂದಿರುತ್ತದೆ. ಅದನ್ನು 'ಪಿಸಿಎಂ'ಗೆ ಬದಲಿಸಬೇಕು, ಅಷ್ಟೇ. ಡಬ್ಬಿಗೆ ಬೇಕಾದ 5 ವೋಲ್ಟನ್ನು ಟಿವಿಯ ಯುಎಸ್‌ಬಿಯಿಂದ ತೆಗೆದರೆ ಹಿಂದೆ ಸಣ್ಣ ಕಿರಿಕಿರಿ ಸದ್ದು ಸೇರಿಕೊಳ್ಳುವುದುಂಟು. ಬೇರೆ ಮೊಬೈಲ್ ಚಾರ್ಜರ್ ಕೊಡಿ.

ರೆಕಾರ್ಡ್ ಪ್ಲೇಯರ್‌ನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿ ಕೂತಿರುವ ಭಾಗ) ಕೊಡುವುದು ಬರೀ 3ರಿಂದ 5 ಮಿಲಿವೋಲ್ಟ್. ಅದನ್ನು ನೇರವಾಗಿ ಇದರ ಲೈನ್ ಇನ್‌ಪುಟ್‌ಗೆ ಹಾಕಿದರೆ ಹಾಡು ಸೊಳ್ಳೆ ಗುನುಗಿದಷ್ಟೇ ಕೇಳುತ್ತದೆ, ಬಾಸ್ ಅಂತೂ ಇರುವುದೇ ಇಲ್ಲ, ಏಕೆಂದರೆ ರೆಕಾರ್ಡ್ ಕೊರೆಯುವಾಗಲೇ ಬಾಸನ್ನು ಇಳಿಸಿ ಟ್ರೆಬಲನ್ನು ಏರಿಸಿರುತ್ತಾರೆ. ಅದನ್ನು ತಿರುಗಿ ಸರಿಮಾಡುವ ಫೋನೊ ಪ್ರಿಆಂಪ್ ಬೇರೆಯಾಗಿ ಬೇಕು. ರೆಕಾರ್ಡೇ ಮುಖ್ಯ ಅನ್ನುವವರಿಗೆ ಸೋನಿಯ ಎಸ್‌ಟಿಆರ್-ಡಿಎಚ್190 ಹೆಚ್ಚು ಒಪ್ಪುತ್ತದೆ. ಅದರಲ್ಲಿ ಫೋನೊ ಇನ್‌ಪುಟ್ ಒಳಗೇ ಇದೆ, ಬ್ಲೂಟೂತ್ ಇದೆ. ಅದರಲ್ಲೂ ಆಪ್ಟಿಕಲ್ ಇಲ್ಲ, ಎಎಂ ಇಲ್ಲ.

ವ್ಯಾಟಿನ ವಿಷಯಕ್ಕೆ ಬಂದರೆ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆಯೇ 'ಎಷ್ಟು ವ್ಯಾಟ್?' ಎಂಬುದು. ಯಮಹಾ ಬರೆದಿರುವುದು ಹೀಗೆ: ಚಾನೆಲ್‌ಗೆ 100 ವ್ಯಾಟ್, 8 ಓಮ್‌ಗೆ (ಓಮ್ ಎಂದರೆ ಸ್ಪೀಕರ್ ಒಡ್ಡುವ ತಡೆಯ ಅಳತೆ), 40 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇ. 0.2 ವಿರೂಪದಲ್ಲಿ, ಎರಡೂ ಚಾನೆಲ್ ನಡೆಯುವಾಗ. ಇಷ್ಟೂ ಷರತ್ತನ್ನು ಬರೆದಿದ್ದರೆ ಮಾತ್ರ ವ್ಯಾಟಿಗೆ ಅರ್ಥ. ಊರಲ್ಲಿ ಜೋಡಿಸಿ ಮಾರುವ ಆಂಪ್‌ಗಳ ಮೇಲೆ '5000 ವ್ಯಾಟ್ ಪಿಎಂಪಿಒ' ಎಂದು ಕ್ಷಣಮಾತ್ರದ ಗರಿಷ್ಠದ ಹೆಸರಿನಲ್ಲಿ ಅಂಟಿಸಿರುತ್ತಾರೆ, ಒಳಗೆ ನೋಡಿದರೆ 4440 ಎಂಬ ಪುಟ್ಟ ಆಂಪ್ಲಿಫೈಯರ್ ಐಸಿ ಕೂತಿರುತ್ತದೆ. ಆ ಐಸಿ ಸ್ಟೀರಿಯೊದಲ್ಲಿ ಕೊಡುವುದು ಚಾನೆಲ್‌ಗೆ 6 ವ್ಯಾಟ್. ಯಮಹಾದ ಲೆಕ್ಕದಲ್ಲೂ ಒಂದು ಸೂಚನೆ ಇದೆ: ದುಬಾರಿ ಯಂತ್ರಗಳ ಲೆಕ್ಕ 20 ಹರ್ಟ್ಸ್‌ನಿಂದ ಶುರುವಾದರೆ ಇದು 40ರಿಂದ ಶುರುಮಾಡಿದೆ. ತೀರಾ ಆಳದ ಬಾಸನ್ನು ಪೂರ್ತಿ ಜೋರಿನಲ್ಲಿ ಕೇಳುವವರಿಗೆ ಇದರ ಪವರ್ ಸಪ್ಲೈ ಅಷ್ಟು ಧಾರಾಳವಲ್ಲ ಎಂದು ತಿಳಿಯಬೇಕು.

ಆದರೆ ಮನೆಯಲ್ಲಿ ಎಷ್ಟು ಬೇಕು? ಸಾಧಾರಣ ಬುಕ್‌ಶೆಲ್ಫ್ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86-87 ಡೆಸಿಬಲ್ ಕೊಡುತ್ತದೆ. ಹತ್ತು-ಹನ್ನೆರಡು ಅಡಿ ಕೋಣೆಯಲ್ಲಿ ಎಂಟು ಅಡಿ ದೂರ ಕೂತರೂ ಕಿವಿಗೆ 80ರ ಹತ್ತಿರ ಬೀಳುತ್ತದೆ. ಅದು ಮಾತು ಕೇಳಿಸದಷ್ಟು ಜೋರು. ತವಿಲ್‌ನ ಏಟಿಗೆ, ತಬಲದ ಹೊಡೆತಕ್ಕೆ ಕ್ಷಣಕಾಲ ಇಪ್ಪತ್ತು ಪಟ್ಟು ಬೇಕೆಂದರೂ 20 ವ್ಯಾಟ್ ಆಯಿತು. 50 ವ್ಯಾಟಿನದಕ್ಕೂ 100 ವ್ಯಾಟಿನದಕ್ಕೂ ಇರುವ ವ್ಯತ್ಯಾಸ ಬರೀ 3 ಡೆಸಿಬಲ್. ಹಾಗಾಗಿ ಇನ್ನೊಂದು ಮೆಟ್ಟಿಲು ಮೇಲಿನ ರಿಸೀವರ್‌ಗೆ ಇಡುವ ದುಡ್ಡನ್ನು ಸ್ಪೀಕರ್‌ಗೆ ಇಡಿ. ರಿಸೀವರ್‌ಗೆ ಕೊಟ್ಟಷ್ಟನ್ನೇ ಸ್ಪೀಕರ್ ಜೋಡಿಗೂ ಕೊಡುವುದು ನ್ಯಾಯವಾದ ಹಂಚಿಕೆ.

ಸ್ಪೀಕರ್ 8 ಓಮ್‌ನದೇ ಇರಲಿ. ಎ ಮತ್ತು ಬಿ ಎರಡನ್ನೂ ಒಟ್ಟಿಗೆ ಹಾಕುವುದಾದರೆ ಒಂದೊಂದೂ 16 ಓಮ್ ಇರಬೇಕು. ಹಾಲಿನಲ್ಲಿ ಒಂದು ಜೋಡಿ, ಅಡುಗೆಮನೆಯಲ್ಲಿ ಒಂದು ಜೋಡಿ ಎಂದು 8 ಓಮ್‌ನವನ್ನೇ ಎರಡೂ ಕಡೆ ಕಟ್ಟಿ ಒಟ್ಟಿಗೆ ನಡೆಸಿದರೆ ಆಂಪ್‌ಗೆ ಕಾಣುವುದು 4 ಓಮ್. ಮೆಲ್ಲಗೆ ಕೇಳುವಾಗ ಏನೂ ಆಗದು. ಹಬ್ಬದ ದಿನ ಜೋರು ಮಾಡಿದಾಗ ಬಿಸಿಯಾಗಿ ತಾನೇ ನಿಲ್ಲುತ್ತದೆ. ಎ ಬೇಕಾದಾಗ ಎ, ಬಿ ಬೇಕಾದಾಗ ಬಿ, ಹೀಗೆ ಬಳಸಿದರೆ ಯಾವ ತೊಂದರೆಯೂ ಇಲ್ಲ.

ವೈರ್‌ಗೆ ಬೆಂಗಳೂರಿನ ಎಸ್.ಪಿ. ರಸ್ತೆವರೆಗೆ ಹೋಗುವ ಅಗತ್ಯವಿಲ್ಲ. ಮನೆ ವೈರಿಂಗ್‌ಗೆ ಬಳಸುವ 1.5 ಚದರ ಮಿ.ಮೀ. ಬಹು ಎಳೆಯ ತಾಮ್ರದ ವೈರ್ ಇಪ್ಪತ್ತು ಅಡಿವರೆಗೂ ಸಾಕೇ ಸಾಕು. ಹೋಗಿ ಬರುವ ಎರಡೂ ದಾರಿ ಸೇರಿ ಅದರ ತಡೆ 0.15 ಓಮ್‌ನಷ್ಟು, 8 ಓಮ್ ಎದುರು ಅದು ಲೆಕ್ಕಕ್ಕಿಲ್ಲ. ಸ್ಪೀಕರ್ ಜೊತೆ ಬರುವ ನೂಲಿನಂಥ ವೈರ್‌ನಲ್ಲಿ ಅದೇ ದೂರಕ್ಕೆ ಒಂದು ಓಮ್ ದಾಟುತ್ತದೆ, ಬಾಸ್ ಸಡಿಲವಾಗುತ್ತದೆ. ಅಗ್ಗದ ಕೆಂಪು-ಕಪ್ಪು ಜೋಡಿ ವೈರ್ ಕೊಳ್ಳುವಾಗ ಎಳೆಯನ್ನು ಬ್ಲೇಡಿನಿಂದ ಗೀಚಿ ನೋಡಿ. ಒಳಗೆ ಬೆಳ್ಳಗಿದ್ದರೆ ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ. ತುದಿಯಲ್ಲಿ 10 ಮಿ.ಮೀ. ಮಾತ್ರ ಸುಲಿದು, ಎಳೆಗಳನ್ನು ಬತ್ತಿ ಹೊಸೆದ ಹಾಗೆ ಬಿಗಿಯಾಗಿ ಹೊಸೆದು ತೂರಿಸಬೇಕು. ಒಂದೇ ಒಂದು ಎಳೆ ಹೊರಗೆ ಉಳಿದು ಪಕ್ಕದ ಟರ್ಮಿನಲ್‌ಗೆ ತಗುಲಿದರೂ ರಿಸೀವರ್ ಆನ್ ಆದ ಹಾಗೆ ಮಾಡಿ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಅಂದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತುಬಿಡುತ್ತದೆ. 'ಹೊಸ ಸೆಟ್ಟೇ ಕೆಟ್ಟಿದೆ' ಎಂಬ ದೂರಿನಲ್ಲಿ ಅರ್ಧಕ್ಕರ್ಧ ಈ ಒಂದು ಎಳೆಯ ಕೆಲಸ.

ಪ್ಲಸ್-ಮೈನಸ್ ಎರಡೂ ಕಡೆ ಒಂದೇ ರೀತಿ ಇದೆಯೇ ಎಂದು ನೋಡಲು ಸುಲಭದ ದಾರಿ: ರೇಡಿಯೊವನ್ನು ಮೋನೊದಲ್ಲಿಟ್ಟು (ಎರಡೂ ಸ್ಪೀಕರಿಗೆ ಒಂದೇ ದನಿ) ವಾರ್ತೆ ಹಾಕಿ, ಎರಡು ಸ್ಪೀಕರ್‌ಗಳ ನಡುಮಧ್ಯದ ನೇರಕ್ಕೆ ಕೂತುಕೊಳ್ಳಿ. ವಾರ್ತೆ ಓದುವವರ ದನಿ ಎದುರಿಗೆ, ಸ್ಪೀಕರ್ ಇಲ್ಲದ ಬರಿ ಜಾಗದಿಂದ ಬಂದ ಹಾಗೆ ಕೇಳಬೇಕು. ಅದು ತಲೆಯ ಸುತ್ತ ಹರಡಿಕೊಂಡಂತೆ, ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತಿದ್ದರೆ ಒಂದು ಕಡೆ ವೈರ್ ತಿರುಗುಮುರುಗಾಗಿದೆ. ಬದಲಿಸಿದ ಕೂಡಲೇ ದನಿ ಬಂದು ನಡುವೆ ನಿಲ್ಲುತ್ತದೆ, ಬಾಸೂ ಮರಳುತ್ತದೆ.

ಈಗ ಕಟ್ಟುತ್ತಿರುವ ಮನೆಗಳ ಹಾಲ್ ಎಂದರೆ ನೆಲಕ್ಕೆ ಟೈಲ್ಸ್ ಅಥವಾ ಗ್ರಾನೈಟ್, ಮೇಲೆ ಆರ್‌ಸಿಸಿ, ಸುತ್ತ ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಟಣ್ ಎಂದು ಮಾರ್ದನಿ. ಇಂಥ ಕಡೆ ಯಾವ ರಿಸೀವರ್ ಇಟ್ಟರೂ ಹಾಡುವವರ ಮಾತು ಕಲಸಿಹೋಗುತ್ತದೆ. ಸ್ಪೀಕರ್ ಮತ್ತು ಕುರ್ಚಿಯ ನಡುವೆ ಒಂದು ಜಮಖಾನ, ಹಿಂದಿನ ಕಿಟಕಿಗೆ ದಪ್ಪ ಪರದೆ, ಇವೆರಡು ಮಾಡುವಷ್ಟು ಉಪಕಾರವನ್ನು ದುಬಾರಿ ವೈರ್ ಮಾಡುವುದಿಲ್ಲ. ಸ್ಪೀಕರನ್ನು ಶೋಕೇಸ್ ಒಳಗೆ ತುರುಕಬೇಡಿ. ಗೋಡೆಯಿಂದ ಒಂದು ಅಡಿ ಮುಂದೆ, ಟ್ವೀಟರ್ (ತೀಕ್ಷ್ಣ ದನಿಯ ಚಿಕ್ಕ ಸ್ಪೀಕರ್) ಕಿವಿಯ ಎತ್ತರಕ್ಕೆ ಬರುವಂಥ ಸ್ಟೂಲಿನ ಮೇಲೆ, ಎರಡರ ನಡುವೆ ಆರು ಅಡಿ, ನಿಮಗೂ ಅಷ್ಟೇ ದೂರ.

ಹೀಗೆ ಇಟ್ಟು ಕೇಳಿದಾಗ ಆರ್-ಎಸ್202ರ ಸ್ವಭಾವ ಗೊತ್ತಾಗುತ್ತದೆ. ಪರೀಕ್ಷೆಗೆ ಕರ್ನಾಟಕ ಸಂಗೀತದ ಒಂದು ಸ್ವಚ್ಛ ಧ್ವನಿಮುದ್ರಣ ಸಾಕು. ಹಾಡು ಶುರುವಾಗುವ ಮುಂಚಿನ ತಂಬೂರಿಯನ್ನು ಗಮನಿಸಿ: ನಾಲ್ಕೂ ತಂತಿ ಬಿಡಿಬಿಡಿಯಾಗಿ ಕೇಳಬೇಕು, ಹಿಂದೆ ಹಮ್ ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಈ ಯಂತ್ರದ ಹಿನ್ನೆಲೆ ನಿಶ್ಶಬ್ದವಾಗಿದೆ, ತಂಬೂರಿ ಮಟ್ಟಸವಾಗಿ ನಿಲ್ಲುತ್ತದೆ. ಆಮೇಲೆ ಮೃದಂಗ. ಬಲಗೈಯ ಏಟು ಚುರುಕಾಗಿ ಬಂದು ಕೂಡಲೇ ನಿಲ್ಲುತ್ತದೆ. ಎಡಗಡೆಯ ತೊಪ್ಪಿಯ ಗುಮಕಿಗೆ ಇನ್ನಷ್ಟು ಭಾರ ಬೇಕಿತ್ತು ಎನಿಸುತ್ತದೆ. ಅದು ಸ್ಪೀಕರ್ ಮೇಲೂ ನಿಂತಿದೆ, ಐದು ಇಂಚಿನ ವೂಫರ್‌ನಿಂದ ಅದನ್ನು ಕೇಳಬಾರದು. ನಾಗಸ್ವರದಂಥ ತೀಕ್ಷ್ಣ ವಾದ್ಯ ಜೋರಿನಲ್ಲೂ ಕಿವಿ ಚುಚ್ಚುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರಂಥವರ ದನಿಯಲ್ಲಿ ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಈ ಬೆಲೆಯ ವರ್ಗದಲ್ಲಿ ಇದು ದೊಡ್ಡ ಮಾತು.

ಬ್ಲೂಟೂತ್‌ನಲ್ಲಿ ಎಸ್‌ಬಿಸಿ ಮತ್ತು ಎಎಸಿ ಎರಡೇ ಕೋಡೆಕ್ (ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ). ಫೋನಿನ ವಾಲ್ಯೂಮ್ ಪೂರ್ತಿ ಇಟ್ಟು, ಏರಿಸಿ ಇಳಿಸುವುದನ್ನು ರಿಸೀವರ್‌ನಲ್ಲೇ ಮಾಡಿ. ಫೋನಿನಲ್ಲಿ ಕಡಿಮೆ ಇಟ್ಟು ಇಲ್ಲಿ ಜೋರು ಮಾಡಿದರೆ ಸುಯ್ ಎಂಬ ಸದ್ದೂ ಜೊತೆಗೇ ಏರುತ್ತದೆ.

ರೇಡಿಯೊ ಭಾಗಕ್ಕೆ ತುಮಕೂರಿನವರು ಹೆಚ್ಚು ಗಮನ ಕೊಡಬೇಕು. ಇಲ್ಲಿ ರಿಸೀವರ್‌ನ ಒಳ್ಳೆಯತನ-ಕೆಟ್ಟತನಕ್ಕಿಂತ ಆಂಟೆನಾ ಮುಖ್ಯ. ಊರಿನೊಳಗಿನ ಸಮುದಾಯ ಬಾನುಲಿ ರೇಡಿಯೊ ಸಿದ್ಧಾರ್ಥ, 90.8 ಮೆಗಾಹರ್ಟ್ಸ್, ಡಬ್ಬಿಯಲ್ಲಿ ಬರುವ ಟಿ ಆಕಾರದ ತಂತಿಗೇ ಸಿಗುತ್ತದೆ. ಬೆಂಗಳೂರಿನ ಆಕಾಶವಾಣಿ ರೇನ್‌ಬೋ 101.3 ಮತ್ತು ವಿವಿಧ ಭಾರತಿ 102.9 ಹಾಗಲ್ಲ. ದೂರ 70 ಕಿ.ಮೀ. ಹತ್ತಿರ, ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲೇ ಹೋಗುವಂಥದ್ದು, ನಡುವೆ ಶಿವಗಂಗೆಯ ಕಡೆಯ ಗುಡ್ಡಗಳು. ಕೆಳಮನೆಯಲ್ಲಿ ಟಿವಿ ಹಿಂದೆ ಸುತ್ತಿಟ್ಟ ತಂತಿಗೆ ಅದು ಸಿಗಲಿಲ್ಲ ಎಂದು ಟ್ಯೂನರನ್ನು ಬೈಯುವುದು ಸರಿಯಲ್ಲ.

ಮಾಡಬೇಕಾದ್ದು ಇಷ್ಟು. 143ನ್ನು ಬೇಕಾದ ಕೇಂದ್ರದ ಮೆಗಾಹರ್ಟ್ಸ್‌ನಿಂದ ಭಾಗಿಸಿ, ಬರುವುದು ಆಂಟೆನಾದ ಒಟ್ಟು ಉದ್ದ, ಮೀಟರ್‌ನಲ್ಲಿ. 101.3ಕ್ಕೆ 1.41 ಮೀಟರ್. ಅಂದರೆ 70 ಸೆಂ.ಮೀ.ನ ಎರಡು ಅಲ್ಯೂಮಿನಿಯಂ ಸಲಾಕೆ. ಅವನ್ನು ಒಂದು ಪಿವಿಸಿ ಪೈಪಿನ ಮೇಲೆ ಒಂದೇ ನೇರಕ್ಕೆ, ನಡುವೆ ಎರಡು ಬೆರಳು ಜಾಗ ಬಿಟ್ಟು ಕಟ್ಟಿ. ಕೇಬಲ್ ಟಿವಿಗೆ ಬಳಸುವ ಆರ್‌ಜಿ-6 ವೈರಿನ ನಡುತಂತಿಯನ್ನು ಒಂದು ಸಲಾಕೆಗೆ, ಸುತ್ತಲಿನ ಜಾಲರಿಯನ್ನು ಇನ್ನೊಂದಕ್ಕೆ ಸ್ಕ್ರೂ ಹಾಕಿ ಬಿಗಿ ಮಾಡಿ. ಅಲ್ಯೂಮಿನಿಯಂಗೆ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ, ಸ್ಕ್ರೂವೇ ಬೇಕು. ಕೂಡುವ ಜಾಗಕ್ಕೆ ನೀರು ಇಳಿಯದಂತೆ ಎಂಸೀಲ್ ಹಚ್ಚಿ. ಜಾಲರಿಯೊಳಗೆ ಒಂದು ಮಳೆಗಾಲದ ನೀರು ಸೇರಿದರೆ ಒಳಗಿನ ಲೋಹ ತುಕ್ಕುಗಟ್ಟಿ ಕೇಂದ್ರಗಳು ಒಂದೊಂದಾಗಿ ಕುಂದುತ್ತವೆ. ಈ ಸರಳ ಆಂಟೆನಾದ ಇಂಪೀಡೆನ್ಸ್ (ಸಿಗ್ನಲಿಗೆ ಒಡ್ಡುವ ತಡೆ) ಆ ವೈರಿನಂತೆಯೇ 75 ಓಮ್ ಹತ್ತಿರ ಇರುವುದರಿಂದ, ಎರಡನ್ನೂ ಹೊಂದಿಸುವ ಬಾಲನ್ ಇಲ್ಲದೆಯೂ ನಡೆಯುತ್ತದೆ.

ತಾರಸಿಯಲ್ಲಿ ನೀರಿನ ಟ್ಯಾಂಕ್, ಸೋಲಾರ್ ಹೀಟರ್‌ಗಳಿಂದ ದೂರಕ್ಕೆ, ಎತ್ತರದ ಕೊಳವೆಗೆ ಕಟ್ಟಿ. ತುಮಕೂರಿಗೆ ಬೆಂಗಳೂರು ಆಗ್ನೇಯಕ್ಕಿದೆ. ಸಲಾಕೆಯ ತುದಿ ಬೆಂಗಳೂರಿನ ಕಡೆ ಇರಬಾರದು, ಅದರ ಮೈ ಆ ಕಡೆಗಿರಬೇಕು. ಅಂದರೆ ಸಲಾಕೆ ಈಶಾನ್ಯದಿಂದ ನೈಋತ್ಯಕ್ಕೆ ಮಲಗಿರಬೇಕು. ಒಮ್ಮೆ ಅಡ್ಡಲಾಗಿ, ಒಮ್ಮೆ ನೆಟ್ಟಗೆ ಹಿಡಿದು, ಯಾವುದರಲ್ಲಿ ಸ್ವಚ್ಛವೋ ಹಾಗೇ ಕಟ್ಟಿ. ಒಬ್ಬರು ಮೇಲೆ, ಒಬ್ಬರು ಕೆಳಗೆ ಫೋನಿನಲ್ಲಿ ಮಾತಾಡಿಕೊಂಡು ಮಾಡಿದರೆ ಅರ್ಧ ಗಂಟೆಯ ಕೆಲಸ. ಇಷ್ಟಾದರೂ ಸ್ವಲ್ಪ ಸುಯ್ ಉಳಿದರೆ ಮೋನೊಗೆ ಬದಲಿಸಿ. ಸ್ಟೀರಿಯೊ ಎಫ್‌ಎಂಗೆ ಮೋನೊಗಿಂತ ಬಹಳ ಬಲವಾದ ಸಿಗ್ನಲ್ ಬೇಕಾಗುತ್ತದೆ. ಕೇಂದ್ರಗಳನ್ನು ತಾನಾಗಿ ಹುಡುಕಿಕೊಳ್ಳಲು ಬಿಟ್ಟರೆ ಬಲ ಕಮ್ಮಿ ಇರುವುದನ್ನು ಹಾರಿಸಿಬಿಡುತ್ತದೆ. ಕೈಯಿಂದಲೇ ಟ್ಯೂನ್ ಮಾಡಿ ನೆನಪಿಗೆ ಹಾಕಿ.

ಎಎಂನಲ್ಲಿ ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್. ಇದಕ್ಕೆ ಗುಡ್ಡ ಅಡ್ಡಿಯಲ್ಲ, ಎಲ್‌ಇಡಿ ಬಲ್ಬು, ಟಿವಿ, ಮೊಬೈಲ್ ಚಾರ್ಜರ್‌ಗಳೇ ಅಡ್ಡಿ. ಜೊತೆಗೆ ಬರುವ ಲೂಪ್ ಆಂಟೆನಾವನ್ನು ಟಿವಿಯಿಂದ ದೂರ ಒಯ್ದು ಮೆಲ್ಲಗೆ ತಿರುಗಿಸುತ್ತಾ ಹೋದರೆ ಕರಕರ ಕಡಿಮೆಯಾಗುವ ಒಂದು ದಿಕ್ಕು ಸಿಕ್ಕೇ ಸಿಗುತ್ತದೆ.

ವಿದೇಶದಲ್ಲಿರುವ ಮಕ್ಕಳು ತಂದುಕೊಡುವ ಸೆಟ್ಟಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅಮೆರಿಕದ ಮಾದರಿ 120 ವೋಲ್ಟಿನದು. ನಮ್ಮ 230ಕ್ಕೆ ಚುಚ್ಚಿದ ಕ್ಷಣವೇ ಮುಗಿಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ರೇಡಿಯೊ ಸರಿಹೋಗದು. ಅಲ್ಲಿಯ ಎಎಂ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಹೋಗುತ್ತದೆ, ನಮ್ಮದು 9ರದು. 612 ಎಂದರೆ 9ರ 68 ಪಟ್ಟು, ಅಮೆರಿಕದ ಸೆಟ್ 610ರಲ್ಲಿ ನಿಂತು ಮುಂದೆ 620ಕ್ಕೆ ಹಾರುತ್ತದೆ. ಎಫ್‌ಎಂನಲ್ಲೂ ಅದು 90.7, 90.9 ಎಂದು ಬೆಸ ಅಂಕಿಯಲ್ಲೇ ಜಿಗಿಯುವುದರಿಂದ 90.8 ತಪ್ಪಿಹೋಗುತ್ತದೆ. ಜೊತೆಗೆ ಅಲ್ಲಿಯ ಡಿ-ಎಂಫಸಿಸ್ (ಪ್ರಸಾರದಲ್ಲಿ ಏರಿಸಿದ ಟ್ರೆಬಲನ್ನು ರಿಸೀವರ್ ತಿರುಗಿ ಇಳಿಸುವ ಅಳತೆ) 75 ಮೈಕ್ರೊಸೆಕೆಂಡ್, ಇಲ್ಲಿಯದು 50. ಸಿಕ್ಕ ಕೇಂದ್ರವೂ ಕಂಬಳಿ ಹೊದ್ದ ಹಾಗೆ ಮಂಕಾಗಿ ಕೇಳುತ್ತದೆ. ಯೂರೋಪಿನ ಆರ್-ಎಸ್202ಡಿ ಮಾದರಿಯಲ್ಲಿ ಡಿಎಬಿ ರೇಡಿಯೊ ಇದೆ, ಆ ಬಗೆಯ ಪ್ರಸಾರ ನಮ್ಮಲ್ಲಿಲ್ಲ. ಇಲ್ಲಿನ ಮಾದರಿಯನ್ನೇ, ಬಿಲ್ ಸಮೇತ, ಕೊಳ್ಳಿ.

ಕರೆಂಟ್ ಹೋದಾಗ ಮನೆಯ ಯುಪಿಎಸ್ ಮೇಲೆ ನಡೆಸುವವರು ಅದು ಸೈನ್‌ವೇವ್‌ನದೇ ಎಂದು ಖಚಿತ ಮಾಡಿಕೊಳ್ಳಿ. ಹಳೆಯ ಸ್ಕ್ವೇರ್‌ವೇವ್ ಯುಪಿಎಸ್‌ನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಹೆಚ್ಚು ಬಿಸಿಯೂ ಆಗುತ್ತದೆ. ಇದು ಸ್ಪೀಕರ್‌ನಿಂದ ಬರುವ ಹಮ್ ಅಲ್ಲ, ಪೆಟ್ಟಿಗೆಯಿಂದಲೇ ಬರುವ ಸದ್ದು. ಸ್ಪೀಕರ್‌ನಲ್ಲೇ ಹಮ್ ಇದ್ದರೆ ಮೊದಲು ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ತಿರುಗಿಸಿ ಬಿಚ್ಚಿ ನೋಡಿ. ನಿಂತರೆ ದೋಷ ಕೇಬಲ್ಲಿನ ಮೂಲಕ ಬರುತ್ತಿರುವ ಅರ್ಥ್‌ನದು. ಅಲ್ಲೊಂದು ಐಸೊಲೇಟರ್ ಹಾಕಿದರೆ ಸಾಕು, ರಿಸೀವರನ್ನು ರಿಪೇರಿಗೆ ಒಯ್ಯುವ ಅಗತ್ಯವಿಲ್ಲ.

ಪೆಟ್ಟಿಗೆಯ ಮೇಲೆ ಒಂದು ಅಡಿ, ಪಕ್ಕದಲ್ಲಿ ಹಿಂದೆ ಒಂದೊಂದು ಗೇಣು ಗಾಳಿಗೆ ಬಿಡಿ. ಚೆಂದಕ್ಕೆ ಹೊದಿಸುವ ಕಸೂತಿ ಬಟ್ಟೆ, ಮೇಲೆ ಕೂರಿಸುವ ಸೆಟ್‌ಟಾಪ್ ಬಾಕ್ಸ್, ಎರಡೂ ಅದರ ಉಸಿರು ಕಟ್ಟಿಸುತ್ತವೆ. ಆಫ್ ಮಾಡಿ ಪ್ಲಗ್ ತೆಗೆದು ವಾರಗಟ್ಟಲೆ ಊರಿಗೆ ಹೋಗುವಾಗ ಮಾತ್ರ ಬಟ್ಟೆ ಮುಚ್ಚಿ, ಬೆಚ್ಚನೆ ಜಾಗ ಹುಡುಕುವ ಹಲ್ಲಿ ಸೀಳುಗಳಿಂದ ಒಳಗಿಳಿಯದಿರಲಿ ಎಂದು. ಸರ್ಕಿಟ್ ಬೋರ್ಡಿನ ಮೇಲೆ ಹಲ್ಲಿ ಅಡ್ಡಬಿದ್ದು ಸುಟ್ಟ ಆಂಪ್‌ಗಳು ರಿಪೇರಿ ಅಂಗಡಿಗಳಿಗೆ ಹೊಸತಲ್ಲ.

ಕೈಬದಲಾದ ಸೆಟ್ ನೋಡುವಾಗ ಆನ್ ಮಾಡಿ ಕಿವಿಗೊಡಿ: ಕೆಲವು ಸೆಕೆಂಡಿನಲ್ಲಿ ರಿಲೇ (ಸ್ಪೀಕರನ್ನು ಜೋಡಿಸುವ ಒಳಗಿನ ಸ್ವಿಚ್) 'ಟಕ್' ಎನ್ನಬೇಕು. ಸ್ಪೀಕರ್ ಬಿಚ್ಚಿದ ಮೇಲೂ ಟಕ್ ಎನ್ನದಿದ್ದರೆ ಔಟ್‌ಪುಟ್ ಹಂತ ಹೋಗಿರಬಹುದು, ಬಿಟ್ಟುಬಿಡಿ. ಟಕ್ ಎಂದ ಮೇಲೆ ವಾಲ್ಯೂಮ್ ಸೊನ್ನೆಗಿಟ್ಟು, ಸ್ಪೀಕರ್ ಟರ್ಮಿನಲ್ಲಿನಲ್ಲಿ ಮಲ್ಟಿಮೀಟರ್‌ನ ಡಿಸಿ ಮಿಲಿವೋಲ್ಟ್ ಅಳತೆ ನೋಡಿ. 50ರ ಒಳಗಿದ್ದರೆ ಸರಿ, 100 ದಾಟಿದರೆ ಬೇಡ. ಎ, ಬಿ, ಹೆಡ್‌ಫೋನ್, ಬ್ಲೂಟೂತ್, ಪ್ರತಿಯೊಂದು ಇನ್‌ಪುಟ್, ಎಲ್ಲವನ್ನೂ ಒಂದೊಂದು ನಿಮಿಷ ನಡೆಸಿ. ಮೂಲ ರಿಮೋಟ್ ಜೊತೆಗಿಲ್ಲದಿದ್ದರೆ ಬೆಲೆ ಇಳಿಸಿ ಕೇಳುವುದು ನ್ಯಾಯ.

ತಾರಸಿಗೆ ಆಂಟೆನಾ ಹಾಕಿದವರು ಏಪ್ರಿಲ್-ಮೇ ತಿಂಗಳ ಸಂಜೆ ಮೋಡ ಕಟ್ಟಿದ ಕೂಡಲೇ ಎರಡು ಕೆಲಸ ಮಾಡಬೇಕು: ಪ್ಲಗ್ ಕೀಳುವುದು, ಆಂಟೆನಾ ವೈರನ್ನು ರಿಸೀವರ್‌ನಿಂದ ಬಿಚ್ಚಿ ಕಿಟಕಿಯ ಹೊರಗೆ ಇಳಿಬಿಡುವುದು. ಗುಡುಗು ಶುರುವಾದ ಮೇಲೆ ಆ ವೈರ್ ಮುಟ್ಟಬೇಡಿ.